ತೇವಂಶ

ಕುಶಾಲನಗರದ ಗೋದಾಮಿನಿಂದ ಬಂದ ಚೀಟಿ,
ಕಾಫಿ ಹೊಟ್ಟು ಹತ್ತಿದ ಅಂಗೈಯಗಲ ಕಾಗದ.
ರೋಬಸ್ಟಾ ಚೆರಿ, ಮೂಟೆ ಹದಿನಾಲ್ಕು,
ಔಟ್‌ಟರ್ನ್ ಇಪ್ಪತ್ತಾರೂವರೆ,
ಅದರ ಕೆಳಗೆ
ತೇವಂಶ: ಹನ್ನೊಂದು.

ಎರಡು ಸಲ ಓದಿದೆ.
ವ-ಗೆ ದೀರ್ಘವಿಲ್ಲ.

ಮೂರು ವರ್ಷದ ಹಿಂದೆ ಗೋಣಿಕೊಪ್ಪದಲ್ಲಿ
ಹಾರ್ಡ್‌ವೇರ್ ಅಂಗಡಿಯ ಮಹಡಿಯ ಮೇಲೆ
ಕರೆಂಟು ಬಂದು ಹೋಗಿ ಬಂದ ಒಂದು ರಾತ್ರಿ
ಆ ದೀರ್ಘವನ್ನು ಬಿಟ್ಟವಳು ನಾನು.
ಆರು ಸಾವಿರ ಸಾಲು ತಿದ್ದಿದ ಕಣ್ಣಿಗೆ
ಅದೊಂದು ಕಾಣಲಿಲ್ಲ.
ವ್ಯಾಪಾರಿಗಳು ನಕ್ಕರು. ತಿದ್ದುತ್ತೇನೆಂದೆ. ತಿದ್ದಲಿಲ್ಲ.
ಅಂಶ ಹೋಗಿ ವಂಶ ಉಳಿಯಿತು.

ಈಗ ನೋಡಿದರೆ ವಂಶ ಬೆಳೆದಿದೆ,
ನನಗೆ ಹೇಳದೆ ಬೇರೆ ಮನೆ ಹೂಡಿದೆ.
ಪರದೆಗೆ ಹಸಿರು ಬಣ್ಣ, ಹೊಸ ಹೆಸರು,
ತಿಂಗಳಿಗೆ ಎರಡು ಸಾವಿರ ಬಾಡಿಗೆ,
ಅದೂ ಬೇರೆಯವನ ಜೇಬಿಗೆ.

ವಿರಾಜಪೇಟೆಯ ವಕೀಲ ಉತ್ತಯ್ಯನವರು
ಜೀವಮಾನವಿಡೀ ಬಾಣೆಯ ಜಗಳ ಬಿಡಿಸಿದವರು,
ಕಂಪ್ಯೂಟರನ್ನು ಬಿಸಿ ಪಾತ್ರೆಯಂತೆ ಮುಟ್ಟುವವರು.
"ಪೇಟೆಂಟ್ ಅಂದೆಯಲ್ಲ, ಅದನ್ನು ಬಿಡು.
ಲೆಕ್ಕ ಲೆಕ್ಕವೇ, ಬರೀ ಪ್ರೋಗ್ರಾಮಿಗೆ
ಈ ದೇಶದಲ್ಲಿ ಕೊಡುವುದಿಲ್ಲ.
ನಾಳೆ ಯಾವನೋ ತಾನೇ ಕೂತು
ಅದೇ ಉಪಾಯವನ್ನು ಬೇರೆ ಥರ ಬರೆದರೆ
ಕೇಳುವ ಹಾಗೂ ಇಲ್ಲ.
ಆದರೆ ನೀನು ಬರೆದ ಸಾಲಿದೆಯಲ್ಲ, ಅದು ಜಮ್ಮಾ.
ಜಮ್ಮಾ ಅಂದರೇನು ಬೊಳ್ಳವ್ವ? ಜನ್ಮ.
ಬರೆದ ಗಳಿಗೆಗೇ ಹಕ್ಕೂ ಹುಟ್ಟಿತು,
ಅರ್ಜಿ ಬೇಡ, ಮುದ್ರೆ ಬೇಡ."
ಆಮೇಲೆ ಕಿಟಕಿಯಾಚೆ ನೋಡಿ ನಕ್ಕರು:
"ನಮ್ಮ ಬಾಣೆಯ ಹಾಗೇ.
ನೆಲ ನಮ್ಮದು, ನಿಂತ ಬೀಟೆ ಮರ ಸರ್ಕಾರದ್ದು.
ಸಾಲು ನಿನ್ನದು, ಒಳಗಿನ ಯೋಚನೆ ಊರಿನದು."

ಸಾಕ್ಷಿ ಏನಿದೆ ಎಂದರು.
ಸರಿಯಾದದ್ದನ್ನು ಯಾರು ಬೇಕಾದರೂ ಬರೆದಾರು.
ನಾನು ನನ್ನ ತಪ್ಪನ್ನು ಮೇಜಿನ ಮೇಲಿಟ್ಟೆ.
ಅವರು ಬೆರಳಿಟ್ಟು ಓದಿದರು, ತೇ, ವಂ, ಶ,
"ಕೇಸು ಮುಗಿಯುವತನಕ
ದೀರ್ಘ ಹಾಕಬೇಡ ಮಾರಾಯ್ತಿ."

ನೋಂದಾಯಿಸಿದರೆ ಕೋರ್ಟಿನಲ್ಲಿ ಬಲವಂತೆ.
ದೆಹಲಿಗೆ ಕಳಿಸಬೇಕಾದ್ದು
ಮೊದಲ ಹತ್ತು ಪುಟ, ಕೊನೆಯ ಹತ್ತು ಪುಟ.
ಬಸ್‌ಸ್ಟ್ಯಾಂಡಿನ ಜೆರಾಕ್ಸ್ ಅಂಗಡಿಯಲ್ಲಿ
ಹಾಳೆಗಳು ಬಿಸಿಬಿಸಿ ಬಂದವು, ರೊಟ್ಟಿಯ ಹಾಗೆ.
ಕರ್ತೃ ಎಂಬಲ್ಲಿ ನನ್ನ ಹೆಸರು ಬರೆದೆ.

ಕಳಿಸದ ಎಪ್ಪತ್ತೊಂದನೆಯ ಪುಟದಲ್ಲಿ,
ಯಂತ್ರ ಓದದೆ ದಾಟಿಹೋಗುವ ಟಿಪ್ಪಣಿಯ ಸಾಲಿನಲ್ಲಿ,
ಇನ್ನೊಂದು ಹೆಸರಿದೆ:
ಪೋಕುಟ್ಟಿ ಹಾಜಿ, ಹಲ್ಲಿನ ಲೆಕ್ಕ, ಅರ್ಧ ಕಳೆ.

ಮೀಟರು ಸುಳ್ಳಾಡುತ್ತಿದ್ದ ಆ ಜನವರಿಯಲ್ಲಿ
ಹಾಜಿಯವರು ಮೂಟೆಗೆ ಕೈಹಾಕಿ ಬೀಜವೊಂದನ್ನು
ಬಲದವಡೆಗಿಟ್ಟು ಕಟಕ್ಕೆಂದು ಕಡಿದು
ಕಣ್ಣು ಮುಚ್ಚಿ ಸಂಖ್ಯೆ ಹೇಳುವರು,
ನಾನು ಬರೆದುಕೊಳ್ಳುವೆ.
ನಾನೂರು ಬೀಜ, ನಾನೂರು ಕಡಿತ.
ಕೊನೆಗೆ ಒಂದು ಹಲ್ಲೇ ಅಲ್ಲಾಡಿತು.
ದುಡ್ಡು ಕೇಳಲಿಲ್ಲ ಅವರು,
ಸಕ್ಕರೆ ಕಮ್ಮಿ ಹಾಕಿದ ಚಹಾ ಕೇಳಿದರು.

ಹಲ್ಲಿಗೆ ಕಾಪಿರೈಟ್ ಉಂಟೇ ಎಂದು
ಉತ್ತಯ್ಯನವರನ್ನು ನಾನು ಕೇಳಲಿಲ್ಲ.
ಕೇಳಿದ್ದರೆ ಅನ್ನುತ್ತಿದ್ದರು, ಬೀಟೆ ಮರ.

ನಿನ್ನೆ ನೋಟಿಸು ಹೋಯಿತು.
ಇವತ್ತು ಎರಡೂ ಚೀಟಿ ಹಿಡಿದು
ಹಾಜಿಯವರ ಅಂಗಡಿಗೆ ಹೋದೆ.
ಕನ್ನಡಕ ಹುಡುಕಿದರು, ಸಿಗಲಿಲ್ಲ,
ತೋಳುದ್ದ ದೂರ ಹಿಡಿದು ನೋಡಿದರು.
"ಎರಡೂ ಒಂದೇ ಅಲ್ವಾ ಮಗಳೇ?"
ಒಂದೇ, ಅಂದೆ.
ಎಪ್ಪತ್ತೊಂದನೆಯ ಪುಟದ ಮಾತು
ನಾಲಿಗೆಗೆ ಬಂದು ನಿಂತಿತ್ತು.

ಅಷ್ಟರಲ್ಲಿ ಯಾರೋ ಮೂಟೆ ಇಳಿಸಿದರು.
ಮೀಟರು ಹನ್ನೆರಡು ತೋರಿಸಿತು.
ಹಾಜಿ ಬೀಜವೊಂದನ್ನು ಬಾಯಿಗಿಟ್ಟರು,
ಈಗ ಎಡದವಡೆಗೆ,
ಕಡಿದರು, ಹೊಟ್ಟು ಉಗಿದರು,
"ಹನ್ನೊಂದೂವರೆ. ಬರಕೋ."